2025ರ ಬೇಸಿಗೆಯ ಐದು ಹಾಲಿವುಡ್ ಚಿತ್ರಗಳು: ಮನೆಯ ಟಿವಿಗೆ ಯಾವುದು ಸರಿ?

ಅಮೆರಿಕದವರ ಬೇಸಿಗೆ ಮೇ ತಿಂಗಳಿಂದ ಆಗಸ್ಟ್‌ವರೆಗೆ. ನಮಗೆ ಅದು ಮುಂಗಾರು, ಶಾಲೆ ಶುರುವಾಗುವ ಕಾಲ. ಅಲ್ಲಿನ ಸ್ಟುಡಿಯೊಗಳು ತಮ್ಮ ಅತಿ ದುಬಾರಿ ಚಿತ್ರಗಳನ್ನು ಸಾಲಾಗಿ ಬಿಡುವ ಹೊತ್ತಿಗೆ ಇಲ್ಲಿ ಶುಲ್ಕ, ಸಮವಸ್ತ್ರ, ಛತ್ರಿಗಳ ಓಡಾಟ ನಡೆದಿರುತ್ತದೆ. ಆಗ ತಪ್ಪಿಹೋದ ಚಿತ್ರಗಳನ್ನು ಈಗ ಮನೆಯಲ್ಲೇ ನೋಡೋಣವೆಂದು ಕೂತವರಿಗೆ ಎದುರಾಗುವ ತೊಡಕು ಒಂದೇ: ಇರುವುದು ಒಂದು ಶನಿವಾರದ ಸಂಜೆ, ಚಿತ್ರಗಳು ಐದು. ಮಿಷನ್ ಇಂಪಾಸಿಬಲ್ ಸರಣಿಯ ಎಂಟನೆಯದಾದ 'ದಿ ಫೈನಲ್ ರೆಕನಿಂಗ್', 'ಜುರಾಸಿಕ್ ವರ್ಲ್ಡ್ ರೀಬರ್ತ್', 'ಸೂಪರ್‌ಮ್ಯಾನ್', 'ದಿ ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್' ಮತ್ತು 'ಥಂಡರ್‌ಬೋಲ್ಟ್ಸ್'.

ಇವುಗಳಲ್ಲಿ ಯಾವುದು ಚೆನ್ನಾಗಿದೆ ಎಂದು ಕೇಳಿದರೆ ಹೆಚ್ಚು ಉಪಯೋಗವಿಲ್ಲ. ಐದರಲ್ಲಿ ಯಾವುದೂ ಕೆಟ್ಟ ಚಿತ್ರವಲ್ಲ, ಐದರಲ್ಲೂ ಕೊರತೆಗಳಿವೆ. ಕೇಳಬೇಕಾದ್ದು ಬೇರೆ. ದೊಡ್ಡ ತೆರೆಗೆಂದೇ ತೆಗೆದ ಚಿತ್ರ ನಡುಮನೆಗೆ ಬಂದಾಗ ಕುಗ್ಗುತ್ತದೆ, ಆದರೆ ಎಲ್ಲವೂ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ಕೆಲವದರ ಜೀವವೇ ಹೋಗುತ್ತದೆ, ಕೆಲವು 43 ಇಂಚಿನಲ್ಲೂ ಗಟ್ಟಿಯಾಗಿ ನಿಲ್ಲುತ್ತವೆ. ನಿಮ್ಮ ಮನೆ, ನಿಮ್ಮ ಟಿವಿ, ನಿಮ್ಮ ಜೊತೆ ಕೂರುವವರು, ಇವರಿಗೆ ಯಾವುದು ಕಡಿಮೆ ಕುಗ್ಗುತ್ತದೋ ಅದೇ ನಿಮ್ಮ ಚಿತ್ರ.

ಅಳೆಯುವುದು ಹೇಗೆ

ಮೊದಲನೆಯದು ಸಮಯ. ಫೈನಲ್ ರೆಕನಿಂಗ್ ಸುಮಾರು 170 ನಿಮಿಷ, ಜುರಾಸಿಕ್ 134, ಸೂಪರ್‌ಮ್ಯಾನ್ 129, ಥಂಡರ್‌ಬೋಲ್ಟ್ಸ್ 127, ಫೆಂಟಾಸ್ಟಿಕ್ ಫೋರ್ 115. ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಕೂತರೆ ಕೊನೆಯದು ಹನ್ನೊಂದಕ್ಕೆ ಮುಗಿದಿರುತ್ತದೆ, ಮೊದಲನೆಯದು ಹನ್ನೆರಡರ ಹತ್ತಿರಕ್ಕೆ ಬರುತ್ತದೆ. ನಡುವೆ ನೀರು, ಫೋನು, ಬಾಗಿಲು ಎಂದು ಎದ್ದದ್ದು ಇದರಲ್ಲಿ ಸೇರಿಲ್ಲ.

ಎರಡನೆಯದು ಹಿಂದಿನ ಪಾಠ. ಸರಣಿ ಚಿತ್ರಗಳಲ್ಲಿ ಜನ ಬೇಸತ್ತು ಅರ್ಧಕ್ಕೆ ನಿಲ್ಲಿಸುವುದು ಚಿತ್ರ ಕೆಟ್ಟದೆಂದಲ್ಲ, ಯಾರು ಯಾರಿಗೆ ಏನಾಗಬೇಕು ಎಂಬುದು ತಿಳಿಯದೆ. ಮೂರನೆಯದು ಜೊತೆಗಾರರು: ಎಂಟು ವರ್ಷದ ಮಗುವೇ, ಹದಿನಾರರ ಹುಡುಗಿಯೇ, ಇಂಗ್ಲಿಷ್ ಅಷ್ಟಾಗಿ ಬಾರದ ಅಜ್ಜಿಯೇ ಎಂಬುದು. ನಾಲ್ಕನೆಯದು ಚಿತ್ರದ ಆಕಾರ ಮತ್ತು ಸದ್ದು. ಇದನ್ನು ಕೇಳುವವರು ಕಡಿಮೆ, ಆದರೆ ಮನೆಯಲ್ಲಿ ನೋಡುವವರಿಗೆ ಎಲ್ಲಕ್ಕಿಂತ ಹೆಚ್ಚು ತಾಗುವುದು ಇದೇ. ನಮ್ಮ ಟಿವಿಗಳ ಅಗಲ ಎತ್ತರದ 1.78 ಪಟ್ಟು. 2.39 ಪಟ್ಟು ಅಗಲದ ಚಿತ್ರ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ತೆರೆಯ ಎತ್ತರದ ಮುಕ್ಕಾಲು ಭಾಗ ಮಾತ್ರ ಬಳಕೆಯಾಗುತ್ತದೆ. 1.85ರ ಚಿತ್ರವಾದರೆ ಹೆಚ್ಚುಕಡಿಮೆ ಪೂರ್ತಿ ತುಂಬುತ್ತದೆ. 43 ಇಂಚಿನ ಟಿವಿಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಕೊನೆಯದು ಹಣ ಮತ್ತು ಡೇಟಾ, ಅದಕ್ಕೆ ಆಮೇಲೆ ಬರೋಣ.

ಗಳಿಕೆಯನ್ನು ನೋಡಿ ಆರಿಸಬೇಡಿ. ಐದರಲ್ಲಿ ಜಗತ್ತಿನಾದ್ಯಂತ ಹೆಚ್ಚು ಗಳಿಸಿದ್ದು ಜುರಾಸಿಕ್, ಸುಮಾರು 87 ಕೋಟಿ ಡಾಲರ್. ಕಡಿಮೆ ಗಳಿಸಿದ್ದು ಥಂಡರ್‌ಬೋಲ್ಟ್ಸ್, ಸುಮಾರು 38 ಕೋಟಿ. ಬರವಣಿಗೆಯ ಬಿಗಿಯನ್ನು ನೋಡಿದರೆ ಈ ಕ್ರಮ ತಿರುಗುಮುರುಗಾಗುತ್ತದೆ.

ಫೈನಲ್ ರೆಕನಿಂಗ್: ಮೊದಲ ಗಂಟೆ ದಾಟಿಸಿದರೆ ಬಹುಮಾನ

ಕ್ರಿಸ್ಟೋಫರ್ ಮೆಕ್ವಾರಿ ನಿರ್ದೇಶನ, ಟಾಮ್ ಕ್ರೂಸ್ ನಾಯಕ, ಎದುರಾಳಿ ಒಂದು ಕೃತಕ ಬುದ್ಧಿಮತ್ತೆ. 'ಎಂಟಿಟಿ' ಎಂಬ ಇದು ಒಂದೊಂದಾಗಿ ಅಣ್ವಸ್ತ್ರ ದೇಶಗಳ ಶಸ್ತ್ರಾಗಾರಗಳನ್ನು ವಶಮಾಡಿಕೊಳ್ಳುತ್ತಿರುತ್ತದೆ. ಅದನ್ನು ತಡೆಯುವ ಮೂಲ ಸಂಕೇತ ಇರುವುದು ಸಮುದ್ರದ ತಳದಲ್ಲಿ, ಮುಳುಗಿದ ರಷ್ಯನ್ ಜಲಾಂತರ್ಗಾಮಿಯಲ್ಲಿ.

ತೊಡಕು ಇರುವುದು ಆರಂಭದಲ್ಲಿ. ಮೊದಲ ಒಂದು ಗಂಟೆ ಬರೀ ಮಾತು. ಒಬ್ಬರು ಅಪಾಯ ವಿವರಿಸುತ್ತಾರೆ, ಇನ್ನೊಬ್ಬರು ಅದನ್ನೇ ಮುಂದುವರಿಸುತ್ತಾರೆ, ನಡುನಡುವೆ ಹಳೆಯ ಚಿತ್ರಗಳ ತುಣುಕುಗಳು. ಸರಣಿಯನ್ನು ಬಲ್ಲವರಿಗೇ ಇದು ಭಾರ, ಹೊಸಬರಿಗೆ ಇನ್ನೂ ಕಷ್ಟ. ಕಥೆ 2023ರ ಏಳನೇ ಚಿತ್ರದ ನೇರ ಮುಂದುವರಿಕೆ. ಅದು 163 ನಿಮಿಷ. ಎರಡನ್ನೂ ಸೇರಿಸಿದರೆ ಐದೂವರೆ ಗಂಟೆ. ಜೊತೆಗೆ 1996ರ ಮೊದಲ ಚಿತ್ರದಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕಚೇರಿಯ ಭದ್ರ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಡಾನ್ಲೋ ಎಂಬ ನೌಕರ ಇಲ್ಲಿ ಮರಳಿ ಬರುತ್ತಾನೆ. ಆ ಪಾತ್ರವನ್ನು ಮಾಡಿದ ರೋಲ್ಫ್ ಸ್ಯಾಕ್ಸನ್ ಅವರೇ ಸುಮಾರು ಮೂವತ್ತು ವರ್ಷಗಳ ನಂತರ ಅದನ್ನು ಮತ್ತೆ ಮಾಡಿದ್ದಾರೆ, ಈ ಚಿತ್ರದಲ್ಲಿ ಅತಿ ಮೃದುವಾದ ಭಾಗವೂ ಅದೇ. ಮೊದಲ ಚಿತ್ರ ನೋಡದವರಿಗೆ ಅದು ಯಾರೋ ಮುದುಕ ಅಷ್ಟೆ.

ಹಾಗಾದರೆ ಏಕೆ ನೋಡಬೇಕು? ಎರಡು ಭಾಗಗಳಿಗಾಗಿ. ಜಲಾಂತರ್ಗಾಮಿಯೊಳಗಿನ ದೀರ್ಘ ದೃಶ್ಯದಲ್ಲಿ ಮಾತೇ ಇಲ್ಲವೆನ್ನಬಹುದು. ಹಡಗು ಸಮುದ್ರದ ತಳದ ಇಳಿಜಾರಿನಲ್ಲಿ ಮೆಲ್ಲಗೆ ಉರುಳುತ್ತದೆ, ಒಳಗಿನ ನೀರು ಗೋಡೆಯಿಂದ ಛಾವಣಿಗೆ ಹರಿಯುತ್ತದೆ, ಟಾರ್ಪೆಡೊಗಳು ಜಾರಿ ಬೀಳುತ್ತವೆ. ತಿರುಗುವ ಸೆಟ್ ಕಟ್ಟಿ, ನಿಜವಾದ ನೀರಿನಲ್ಲಿ ತೆಗೆದದ್ದು ಎಂಬುದು ಪ್ರತಿ ಚೌಕಟ್ಟಿನಲ್ಲೂ ಗೊತ್ತಾಗುತ್ತದೆ. ಇನ್ನೊಂದು ಕೊನೆಯ ವಿಮಾನದ ಬೆನ್ನಟ್ಟುವಿಕೆ. ಎರಡು ಜೋಡಿ ರೆಕ್ಕೆಯ ಹಳೆಯ ಸ್ಟಿಯರ್‌ಮನ್ ವಿಮಾನಗಳು, ದಕ್ಷಿಣ ಆಫ್ರಿಕಾದ ಕಣಿವೆಗಳು, ರೆಕ್ಕೆಯ ಮೇಲೆ ಜೋತುಬಿದ್ದ ಕ್ರೂಸ್. ಗಾಳಿಯ ರಭಸಕ್ಕೆ ಮುಖದ ಚರ್ಮ ಅಲುಗುವುದನ್ನು ಕಂಪ್ಯೂಟರಿನಲ್ಲಿ ಇಷ್ಟು ನಂಬುವಂತೆ ಮಾಡಲಾಗದು. ಉರಿಯುವ ಪ್ಯಾರಾಚೂಟ್‌ನಲ್ಲಿ 16 ಬಾರಿ ಹಾರಿ ಅವರು ಗಿನ್ನೆಸ್ ದಾಖಲೆ ಬರೆದದ್ದೂ ಈ ಚಿತ್ರಕ್ಕಾಗಿಯೇ.

ಮನೆಯಲ್ಲಿ ಏನು ಕಳೆಯುತ್ತದೆ? ಜಲಾಂತರ್ಗಾಮಿಯ ಭಾಗ ಬಹಳ ಕತ್ತಲು. ಕಿಟಕಿ ತೆರೆದಿಟ್ಟು ಹಗಲಲ್ಲಿ ನೋಡಿದರೆ, ಅಥವಾ ಕಪ್ಪನ್ನು ಬೂದಿಯಂತೆ ತೋರಿಸುವ ಅಗ್ಗದ ಎಲ್ಇಡಿ ಟಿವಿಯಲ್ಲಿ ಹಾಕಿದರೆ, ಏನು ನಡೆಯುತ್ತಿದೆ ಎಂಬುದೇ ತಿಳಿಯುವುದಿಲ್ಲ. ಸದ್ದೂ ಹಾಗೆಯೇ, ಉಕ್ಕು ನರಳುವ ಮಂದ್ರ ಧ್ವನಿ ಟಿವಿಯ ಪುಟ್ಟ ಸ್ಪೀಕರಿನಲ್ಲಿ ಹುಟ್ಟುವುದೇ ಇಲ್ಲ. ಇದನ್ನು ಆರಿಸಿದರೆ ರಾತ್ರಿ, ದೀಪ ಆರಿಸಿ, ಸೌಂಡ್‌ಬಾರ್ ಅಥವಾ ಹೆಡ್‌ಫೋನ್ ಹಾಕಿ ನೋಡಿ. ಒಂದೇ ಸಲಕ್ಕೆ ಆಗದಿದ್ದರೆ ಎರಡು ರಾತ್ರಿಗೆ ಒಡೆಯಬಹುದು. ಆದರೆ ಒಡೆಯುವುದು ಸಮುದ್ರಕ್ಕೆ ಇಳಿಯುವ ಮುಂಚೆ ಇರಲಿ, ನಡುವೆ ಬೇಡ. ಆ ಬಿಗಿ ಒಮ್ಮೆ ಸಡಿಲವಾದರೆ ಮತ್ತೆ ಕಟ್ಟಿಕೊಳ್ಳುವುದಿಲ್ಲ.

ಜುರಾಸಿಕ್ ವರ್ಲ್ಡ್ ರೀಬರ್ತ್: ಹಿಂದಿನದು ಗೊತ್ತಿಲ್ಲದಿದ್ದರೂ ಸರಿ

ಐದರಲ್ಲಿ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರಿಗೂ ಅರ್ಥವಾಗುವ ಕಥೆ ಇದರದ್ದು. ಡೈನೋಸಾರ್‌ಗಳು ಈಗ ಭೂಮಧ್ಯ ರೇಖೆಯ ಬಳಿಯ ಬಿಸಿ ಪ್ರದೇಶದಲ್ಲಿ ಮಾತ್ರ ಉಳಿದಿವೆ. ಹೃದ್ರೋಗಕ್ಕೆ ಔಷಧಿ ಮಾಡಲು ಮೂರು ಬೃಹತ್ ಪ್ರಾಣಿಗಳ ರಕ್ತ ಬೇಕು: ನೀರಿನಿಂದ ಮೊಸಾಸಾರಸ್, ನೆಲದಿಂದ ಟೈಟಾನೊಸಾರಸ್, ಆಕಾಶದಿಂದ ಕ್ವೆಟ್ಜಾಲ್‌ಕೋಟ್ಲಸ್. ಸ್ಕಾರ್ಲೆಟ್ ಜೋಹಾನ್ಸನ್ ನೇತೃತ್ವದ ತಂಡ ದ್ವೀಪಕ್ಕೆ ಹೋಗುತ್ತದೆ. ನೀರು, ನೆಲ, ಆಕಾಶ. ಮಕ್ಕಳ ಕಥೆಯಷ್ಟು ಸರಳ ಲೆಕ್ಕ, ಅದೇ ಇದರ ಬಲ. ಹಿಂದಿನ ಆರು ಚಿತ್ರಗಳಲ್ಲಿ ಒಂದನ್ನೂ ನೋಡಿರಬೇಕಿಲ್ಲ.

ಚಿತ್ರಕಥೆ ಬರೆದವರು ಡೇವಿಡ್ ಕೋಪ್, 1993ರ ಮೂಲ ಚಿತ್ರದ ಬರಹಗಾರರಲ್ಲಿ ಒಬ್ಬರು. ನದಿಯಲ್ಲಿ ರಬ್ಬರ್ ತೆಪ್ಪದ ಮೇಲಿರುವ ಕುಟುಂಬವನ್ನು ಟಿ. ರೆಕ್ಸ್ ಅಟ್ಟಿಸಿಕೊಂಡು ಬರುವ ದೃಶ್ಯದ ಬೇರು ಮೈಕೆಲ್ ಕ್ರೈಟನ್‌ರ 1990ರ ಕಾದಂಬರಿಯಲ್ಲಿದೆ. ಮೊದಲ ಚಿತ್ರದಲ್ಲಿ ಜಾಗ ಸಿಗದೆ ಉಳಿದಿತ್ತು. ಇಡೀ ಚಿತ್ರದ ಅತ್ಯುತ್ತಮ ಹತ್ತು ನಿಮಿಷ ಅದು: ಮಲಗಿರುವ ಪ್ರಾಣಿ, ಗಾಳಿ ತುಂಬಿಕೊಳ್ಳುವ ತೆಪ್ಪದ ಸದ್ದು, ಉಸಿರು ಬಿಗಿಹಿಡಿದ ಹುಡುಗಿ. ಕಡಿಮೆ ಮಾತು, ಸ್ಪಷ್ಟ ಬೆಳಕು, ಆದ್ದರಿಂದ ಮನೆಯಲ್ಲೂ ಚೆನ್ನಾಗಿ ನಿಲ್ಲುತ್ತದೆ.

ಕೊರತೆಯೂ ಅಷ್ಟೇ ಸ್ಪಷ್ಟ. ರಕ್ತ ತರಲು ಹೋದ ತಂಡದ ಕಥೆ, ದೋಣಿ ಮುಳುಗಿ ಸಿಕ್ಕಿಬಿದ್ದ ಕುಟುಂಬದ ಕಥೆ, ಇವೆರಡೂ ಪಕ್ಕಪಕ್ಕ ಓಡುತ್ತವೆ, ಬೆರೆಯುವುದಿಲ್ಲ. ಕೊನೆಗೆ ಬರುವ ವಿಕೃತ ತಳಿಯ ಪ್ರಾಣಿಯಂತೂ ಡೈನೋಸಾರ್ ಎನಿಸುವುದೇ ಇಲ್ಲ, ಬೇರಾವುದೋ ದೆವ್ವದ ಚಿತ್ರದಿಂದ ಬಂದಂತಿದೆ.

ತಾಂತ್ರಿಕವಾಗಿ ಒಂದು ಎಚ್ಚರಿಕೆ ಇದಕ್ಕೇ ಬೇಕು. ನಿರ್ದೇಶಕ ಗ್ಯಾರೆತ್ ಎಡ್ವರ್ಡ್ಸ್ ಇದನ್ನು ಡಿಜಿಟಲ್ ಕ್ಯಾಮೆರಾದಲ್ಲಲ್ಲ, 35 ಮಿ.ಮೀ. ಫಿಲ್ಮ್‌ನಲ್ಲಿ ತೆಗೆದಿದ್ದಾರೆ. ಥಾಯ್ಲೆಂಡಿನ ಹಸಿರು ಅಷ್ಟು ಹದವಾಗಿ ಕಾಣುವುದು ಅದರಿಂದಲೇ. ಆದರೆ ಫಿಲ್ಮ್‌ನಲ್ಲಿ ಸಣ್ಣ ಕಣಗಳಿರುತ್ತವೆ, ಪ್ರತಿ ಚೌಕಟ್ಟಿನಲ್ಲೂ ಅವು ಜಾಗ ಬದಲಿಸುತ್ತವೆ. ಇಂಟರ್‌ನೆಟ್ ನಿಧಾನವಾಗಿ ಆಪ್ ಗುಣಮಟ್ಟ ಇಳಿಸಿದಾಗ ಈ ಕಣಗಳನ್ನು ಒತ್ತಿ ಕಳಿಸಲಾಗದೆ ಕಾಡಿನ ಎಲೆಗಳು, ಮಂಜು, ನೀರು ಎಲ್ಲ ಚೌಕ ಚೌಕವಾಗಿ ಒಡೆಯುತ್ತವೆ. ಟಿವಿಯ 'ನಾಯ್ಸ್ ರಿಡಕ್ಷನ್' ಚಾಲೂ ಇದ್ದರೆ ಇನ್ನೊಂದು ಪೆಟ್ಟು, ಕಣಗಳ ಜೊತೆ ಮುಖದ ಗೆರೆಗಳನ್ನೂ ಅದು ಒರೆಸಿಹಾಕುತ್ತದೆ. ಅದನ್ನು ಆಫ್ ಮಾಡಿ. ಚಿತ್ರ ಅಗಲವಾದ ಆಕಾರದ್ದು, ಕಪ್ಪು ಪಟ್ಟಿ ಬರುತ್ತದೆ. ಅದನ್ನು ತಪ್ಪಿಸಲು ಜೂಮ್ ಮಾಡಿದರೆ ಎರಡೂ ಬದಿ ಕತ್ತರಿಸಿ, ಮೂಲೆಯಿಂದ ಬರುವ ಪ್ರಾಣಿಯೇ ಕಾಣದೆ ಹೋಗುತ್ತದೆ.

ಮಕ್ಕಳ ವಿಷಯ: ಆರಂಭದಲ್ಲಿ ಪ್ರಯೋಗಾಲಯದ ಸಾವು, ಕೊನೆಯ ಅರ್ಧ ಗಂಟೆಯ ಕತ್ತಲು, ಇವು ಹತ್ತರ ಒಳಗಿನವರನ್ನು ಹೆದರಿಸುತ್ತವೆ. ಡೊಲೊರೆಸ್ ಎಂಬ ಪುಟ್ಟ ಡೈನೋಸಾರ್ ಬಂದಾಗ ಅವರೇ ನಗುತ್ತಾರೆ ಕೂಡ. ಪಕ್ಕದಲ್ಲಿ ದೊಡ್ಡವರು ಕೂತಿದ್ದರೆ ಸಾಕು.

ಸೂಪರ್‌ಮ್ಯಾನ್: ಟಿವಿಯನ್ನು ಪೂರ್ತಿ ತುಂಬುವ ಚಿತ್ರ

ನಿರ್ದೇಶಕ ಜೇಮ್ಸ್ ಗನ್ ಈ ಚಿತ್ರದಲ್ಲಿ ತೆಗೆದುಕೊಂಡ ಒಳ್ಳೆಯ ನಿರ್ಧಾರವೆಂದರೆ ಹುಟ್ಟಿನ ಕಥೆಯನ್ನು ಕೈಬಿಟ್ಟದ್ದು. ಸಿಡಿಯುವ ಗ್ರಹ, ತೊಟ್ಟಿಲಿನ ನೌಕೆ, ಹೊಲದಲ್ಲಿ ಸಿಕ್ಕ ಮಗು, ಎಲ್ಲರಿಗೂ ಗೊತ್ತಿರುವ ಇದನ್ನು ಮತ್ತೆ ತೋರಿಸುವುದಿಲ್ಲ. ನಾಯಕ ಮೊದಲ ಬಾರಿ ಸೋತು ಹಿಮದ ಮೇಲೆ ಬಿದ್ದಲ್ಲಿಂದ ಚಿತ್ರ ಶುರುವಾಗುತ್ತದೆ, ಕ್ರಿಪ್ಟೊ ಎಂಬ ತುಂಟ ನಾಯಿ ಬಂದು ಎಳೆದುಕೊಂಡು ಹೋಗುತ್ತದೆ. ಹೊಸ ಡಿಸಿ ಸರಣಿಯ ಮೊದಲ ಚಿತ್ರವಾದ್ದರಿಂದ ಹಿಂದಿನದು ಯಾವುದೂ ಬೇಡ.

ಇದರ ಆಕಾರ ಎತ್ತರದ್ದು, ಟಿವಿಯನ್ನು ಹೆಚ್ಚುಕಡಿಮೆ ಅಂಚಿನಿಂದ ಅಂಚಿಗೆ ತುಂಬುತ್ತದೆ. ಬಣ್ಣಗಳು ಗಾಢ, ಬಹುಪಾಲು ಹಗಲು ಬೆಳಕು. ಹಾಗಾಗಿ ಸಾಧಾರಣ ಟಿವಿ, ಬೆಳಕಿರುವ ಕೋಣೆ, ಭಾನುವಾರದ ಮಧ್ಯಾಹ್ನ, ಇವಕ್ಕೆ ಐದರಲ್ಲಿ ಇದೇ ಹೊಂದುವುದು.

ಅತ್ಯುತ್ತಮ ದೃಶ್ಯದಲ್ಲಿ ಹಾರಾಟವೇ ಇಲ್ಲ. ಲೋಯಿಸ್ ತನ್ನ ಮನೆಯಲ್ಲಿ ಕೂತು ಸೂಪರ್‌ಮ್ಯಾನನನ್ನು ಪತ್ರಕರ್ತೆಯಾಗಿ ಸಂದರ್ಶಿಸುತ್ತಾಳೆ. ಯಾರ ಅನುಮತಿ ಕೇಳಿ ಇನ್ನೊಂದು ದೇಶದ ಯುದ್ಧ ನಿಲ್ಲಿಸಿದೆ ಎಂಬ ಪ್ರಶ್ನೆಗೆ ಆತ ತಡವರಿಸುತ್ತಾನೆ, ಸಿಟ್ಟಾಗುತ್ತಾನೆ. ಪ್ರೀತಿಸುವ ಇಬ್ಬರ ಜಗಳ, ರಾಜಕೀಯದ ಪ್ರಶ್ನೆ ಎರಡೂ ಒಂದೇ ಮಾತಿನಲ್ಲಿ ನಡೆಯುತ್ತವೆ. ಇಂತಹ ದೃಶ್ಯ ಸಣ್ಣ ಪರದೆಯಲ್ಲಿ ಒಂದಿಷ್ಟೂ ಕುಗ್ಗುವುದಿಲ್ಲ. ಆದರೆ ಇದು ಪೂರ್ತಿ ಮಾತಿನ ಏರಿಳಿತದ ಮೇಲೆ ನಿಂತದ್ದು, ಡಬ್ಬಿಂಗ್‌ನಲ್ಲಿ ಹೆಚ್ಚು ಪೆಟ್ಟು ತಿನ್ನುವುದೂ ಇದೇ. ಇಂಗ್ಲಿಷ್ ಧ್ವನಿಯಲ್ಲೇ, ಸಬ್‌ಟೈಟಲ್ ಹಾಕಿ ನೋಡಿ.

ತೊಂದರೆ ಎಂದರೆ ಜನಜಂಗುಳಿ. ಮಿಸ್ಟರ್ ಟೆರಿಫಿಕ್, ಗ್ರೀನ್ ಲ್ಯಾಂಟರ್ನ್, ಹಾಕ್‌ಗರ್ಲ್, ಮೆಟಮಾರ್ಫೊ ಎಂಬ ಬೇರೆ ಸೂಪರ್‌ಹೀರೊಗಳು, ಖಳನಾಯಕ ಲೂಥರ್‌ನ ಪಡೆ, ಎರಡು ದೇಶಗಳ ಯುದ್ಧ, ಜೊತೆಗೆ ಇನ್ನೊಂದು ಪುಟ್ಟ ವಿಶ್ವ. ಕೊನೆಯ ಮುಕ್ಕಾಲು ಗಂಟೆಯಲ್ಲಿ ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಟೆರಿಫಿಕ್‌ನ ಪಾತ್ರಕ್ಕೆ ಇದರ ಎರಡರಷ್ಟು ಜಾಗ ಕೊಟ್ಟಿದ್ದರೆ ಚೆನ್ನಿತ್ತು ಎನಿಸುತ್ತದೆ.

ನಾಯಿ ಇದೆ ಎಂದು ತೀರ ಚಿಕ್ಕವರನ್ನು ಕೂರಿಸುವ ಮುಂಚೆ ಒಂದು ಮಾತು: ಲೂಥರ್ ಒಬ್ಬ ನಿರಪರಾಧಿಯ ತಲೆಗೆ ಪಿಸ್ತೂಲು ಹಿಡಿದು ಸೂಪರ್‌ಮ್ಯಾನನನ್ನು ಪ್ರಶ್ನಿಸುವ ದೃಶ್ಯವಿದೆ. ರಕ್ತ ಕಾಣದಿದ್ದರೂ ಬಹಳ ಹೊತ್ತು ಮನಸ್ಸಿನಲ್ಲಿ ಉಳಿಯುತ್ತದೆ. ನಮ್ಮ ಸೆನ್ಸಾರ್ ಮಂಡಳಿ ಚಿತ್ರಮಂದಿರದ ಪ್ರತಿಯಲ್ಲಿ ಕತ್ತರಿ ಹಾಕಿದ್ದು ಅದಕ್ಕಲ್ಲ, 33 ಸೆಕೆಂಡುಗಳ ಚುಂಬನಕ್ಕೆ. ಹೆತ್ತವರು ಯೋಚಿಸಬೇಕಾದ್ದು ಪಿಸ್ತೂಲಿನ ದೃಶ್ಯದ ಬಗ್ಗೆ.

ಫೆಂಟಾಸ್ಟಿಕ್ ಫೋರ್: ಹೊಡೆದಾಟ ಕಡಿಮೆ, ಮನೆತನ ಹೆಚ್ಚು

115 ನಿಮಿಷ, ಹಿಂದಿನ ಪಾಠ ಏನೂ ಇಲ್ಲ. ಮಾರ್ವೆಲ್‌ನ 37ನೇ ಚಿತ್ರವಾದರೂ ಕಥೆ ನಡೆಯುವುದು ಬೇರೆಯೇ ಭೂಮಿಯಲ್ಲಿ, 1960ರ ದಶಕದವರು ಕಲ್ಪಿಸಿಕೊಂಡ ಭವಿಷ್ಯದಂತಹ ಲೋಕದಲ್ಲಿ. ಗ್ರಹಗಳನ್ನು ನುಂಗುವ ಗ್ಯಾಲಾಕ್ಟಸ್ ಒಂದು ಒಪ್ಪಂದ ಮುಂದಿಡುತ್ತಾನೆ: ವಿಶೇಷ ಶಕ್ತಿಗಳಿರುವ ಈ ನಾಲ್ವರ ಕುಟುಂಬದಲ್ಲಿ ಹುಟ್ಟಲಿರುವ ಮಗುವನ್ನು ಕೊಟ್ಟರೆ ಭೂಮಿ ಉಳಿಯುತ್ತದೆ. ತಾಯ್ತಂದೆ ಒಪ್ಪುವುದಿಲ್ಲ, ಊರಿನ ಜನ ತಿರುಗಿಬೀಳುತ್ತಾರೆ. ಮೂಲದಲ್ಲಿ ಇದು ಒಂದು ಕುಟುಂಬದ ಇಕ್ಕಟ್ಟು.

ಗ್ಯಾಲಾಕ್ಟಸ್‌ನ ದೂತಿ, ಬೆಳ್ಳಿ ಮೈಯ ಸರ್ಫರ್ ಬೆನ್ನಟ್ಟಿ ಬರುತ್ತಿರುವಾಗ ನೌಕೆಯೊಳಗೆ, ತೂಕವಿಲ್ಲದ ಸ್ಥಿತಿಯಲ್ಲಿ ಹೆರಿಗೆಯಾಗುವ ಭಾಗ ಅಪ್ಪಟ ವೈಜ್ಞಾನಿಕ ಸಾಹಸ. ಮೈಕೆಲ್ ಜಕೀನೊ ಸಂಗೀತ ಅದನ್ನು ಇನ್ನಷ್ಟು ಎತ್ತರಿಸುತ್ತದೆ. ಆದರೆ ಅಂತಹ ದೊಡ್ಡ ದೃಶ್ಯಗಳು ಬೆರಳೆಣಿಕೆಯವು. ಐದು ನಿಮಿಷಕ್ಕೊಂದು ಹೊಡೆದಾಟ ಬೇಕೆನ್ನುವ ಹುಡುಗರು ಚಡಪಡಿಸುತ್ತಾರೆ. ಕೊನೆಯೂ ಅವಸರದ್ದು. ಗ್ಯಾಲಾಕ್ಟಸ್‌ನ ಅಗಾಧ ಗಾತ್ರವೇ ಚಿತ್ರದ ಬೆರಗು, ಅದು ಟಿವಿಯಲ್ಲಿ ನಿಜವಾಗಿ ಕುಗ್ಗುತ್ತದೆ. ಹತ್ತಿರ ಕೂತರೆ ಸ್ವಲ್ಪ ಮರಳಿ ಸಿಗುತ್ತದೆ: 55 ಇಂಚಿಗೆ ಸುಮಾರು 2.2 ಮೀಟರ್, 43 ಇಂಚಿಗೆ 1.75 ಮೀಟರ್. ನಮ್ಮ ಸೋಫಾಗಳು ಸಾಮಾನ್ಯವಾಗಿ ಇದಕ್ಕಿಂತ ಬಹಳ ಹಿಂದಿರುತ್ತವೆ, ನೆಲದ ಮೇಲೆ ಚಾಪೆ ಹಾಸಿ ಮುಂದೆ ಬನ್ನಿ.

ಥಂಡರ್‌ಬೋಲ್ಟ್ಸ್: ಯಾರಿಗೆ ಬೇಕೋ ಅವರಿಗೆ ಬಹಳ ಬೇಕು

ಮಾರ್ವೆಲ್‌ನದೇ ಆದ ಇದರ ವಿಷಯ ಖಿನ್ನತೆ. ಖಳನ ಜಾಗದಲ್ಲಿ ನಿಂತಿರುವುದು ಒಳಗಿನ ಶೂನ್ಯ, ಅದು ಜನರನ್ನು ಗೋಡೆಯ ಮೇಲಿನ ನೆರಳಾಗಿಸುತ್ತದೆ. ಫ್ಲಾರೆನ್ಸ್ ಪ್ಯೂ ಅವರ ಅಭಿನಯ ಐದೂ ಚಿತ್ರಗಳಲ್ಲಿ ಎಲ್ಲಕ್ಕಿಂತ ಆಳವಾದದ್ದು. ಆರಂಭದಲ್ಲಿ ಕ್ವಾಲಾಲಂಪುರದ 679 ಮೀಟರ್ ಎತ್ತರದ ಮೆರ್ಡೆಕಾ 118 ಕಟ್ಟಡದಿಂದ ಅವರು ಹಾರುವುದೂ ನಿಜವಾದ ಹಾರಾಟವೇ. ಮುಖಗಳ ಮೇಲೆ ನಿಂತ ಚಿತ್ರವಾದ್ದರಿಂದ ಫೋನಿನಲ್ಲಿ ನೋಡಿದರೂ ತಾಗುವುದು ಇದೊಂದೇ. ಪ್ಯೂ ಅವರ ಪಾತ್ರ ಮೊದಲು ಬಂದ 2021ರ 'ಬ್ಲ್ಯಾಕ್ ವಿಡೋ' ಮುಂಚೆ ನೋಡಿದ್ದರೆ ಒಳ್ಳೆಯದು. ಚಿಕ್ಕ ಮಕ್ಕಳಿಗೆ ಬೇಡ. ಹದಿಹರೆಯದವರ ಜೊತೆ ನೋಡಿ, ಮುಗಿದ ಮೇಲೆ ಟಿವಿ ಆರಿಸಿ ಸ್ವಲ್ಪ ಹೊತ್ತು ಮಾತಾಡಿ.

ಭಾಷೆ, ಹಣ, ಡೇಟಾ

2022ರ 'ಅವತಾರ್' ಚಿತ್ರ ಕನ್ನಡ ಧ್ವನಿಯಲ್ಲೂ ಬಂದಿತ್ತು. ಆದರೆ ಆ ದಾರಿ ಎಲ್ಲ ಹಾಲಿವುಡ್ ಚಿತ್ರಗಳಿಗೂ ತೆರೆದುಕೊಳ್ಳಲಿಲ್ಲ. ಇಂತಹ ಚಿತ್ರಗಳು ಸಾಮಾನ್ಯವಾಗಿ ಇಂಗ್ಲಿಷ್ ಜೊತೆ ಹಿಂದಿ, ತಮಿಳು, ತೆಲುಗಿನಲ್ಲಿ ಸಿಗುತ್ತವೆ. ಬಳ್ಳಾರಿ, ಕೋಲಾರದ ಕಡೆಯವರಿಗೆ ತೆಲುಗು, ಬೀದರ್, ಕಲಬುರಗಿಯವರಿಗೆ ಹಿಂದಿ ಸಲೀಸು. ಹಳೇ ಮೈಸೂರಿನ ಅಜ್ಜಿಗೆ ಯಾವುದೂ ಒಗ್ಗದಿದ್ದರೆ ಜುರಾಸಿಕ್ ಹಾಕಿ. ಮಾತು ಅರ್ಥವಾಗದಿದ್ದರೂ ಕಥೆ ಅರ್ಥವಾಗುತ್ತದೆ. ಮಿಷನ್ ಹಾಕಬೇಡಿ, ಮೊದಲ ಗಂಟೆಯಲ್ಲೇ ಎದ್ದುಹೋಗುತ್ತಾರೆ.

ಮಾರ್ವೆಲ್‌ನ ಎರಡೂ ಚಿತ್ರಗಳು ಜಿಯೋಹಾಟ್‌ಸ್ಟಾರ್‌ನಲ್ಲಿ ಸೇರುತ್ತವೆ, ಉಳಿದವು ಕಾಲಕಾಲಕ್ಕೆ ಜಾಗ ಬದಲಿಸುತ್ತವೆ. ಐದರಲ್ಲಿ ಎರಡಕ್ಕಿಂತ ಹೆಚ್ಚು ನೋಡುವ ಮನಸ್ಸಿದ್ದರೆ ಒಂದೊಂದಕ್ಕೂ ಬಾಡಿಗೆ ಕೊಡುವ ಬದಲು ಒಂದು ತಿಂಗಳ ಚಂದಾ ಲೆಕ್ಕಹಾಕಿ ನೋಡಿ. ಒಂದೇ ಚಿತ್ರವಾದರೆ ಬಾಡಿಗೆಯೇ ಸರಿ, ಆದರೆ ಪ್ಲೇ ಒತ್ತಿದ ಮೇಲೆ ಸಾಮಾನ್ಯವಾಗಿ 48 ಗಂಟೆಯೊಳಗೆ ಮುಗಿಸಬೇಕು. ಮಿಷನ್ ಅನ್ನು ಎರಡು ರಾತ್ರಿಗೆ ಒಡೆಯುವವರು ಇದನ್ನು ಮರೆಯಬಾರದು.

ಮೊಬೈಲ್ ಹಾಟ್‌ಸ್ಪಾಟ್‌ನಿಂದ ಟಿವಿಗೆ ಹಾಕುವವರಿಗೆ: ಪೂರ್ಣ ಎಚ್‌ಡಿ ಗಂಟೆಗೆ 3 ಜಿಬಿವರೆಗೆ ತಿನ್ನುತ್ತದೆ. 170 ನಿಮಿಷಕ್ಕೆ 8 ಜಿಬಿ ದಾಟಬಹುದು. ದಿನಕ್ಕೆ 2 ಜಿಬಿಯ ಪ್ಲಾನ್‌ನಲ್ಲಿ ಮುಕ್ಕಾಲು ಗಂಟೆಗೆ ಚಿತ್ರ ತೆವಳಲು ಶುರುವಾಗುತ್ತದೆ. 4ಕೆ ಆದರೆ ಗಂಟೆಗೆ 7 ಜಿಬಿವರೆಗೆ, ಅದಕ್ಕೆ ಫೈಬರ್ ಸಂಪರ್ಕವೇ ಬೇಕು. ಡೇಟಾ ಕಡಿಮೆ ಇದ್ದರೆ ಜುರಾಸಿಕ್ ಬಿಟ್ಟು ಥಂಡರ್‌ಬೋಲ್ಟ್ಸ್ ಆರಿಸಿ, ಕಾರಣ ಮೇಲೆಯೇ ಹೇಳಿದೆ.

ಯಾವುದನ್ನು ಹಾಕಿದರೂ ಮೊದಲು ಟಿವಿಯ ಸೆಟ್ಟಿಂಗ್‌ಗೆ ಹೋಗಿ, ಚಲನೆಯನ್ನು ಅತಿ ನಯವಾಗಿಸುವ 'ಮೋಷನ್ ಸ್ಮೂತಿಂಗ್' ಆಫ್ ಮಾಡಿ. ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರಿಟ್ಟಿರುತ್ತದೆ. ಅದು ಚಾಲೂ ಇದ್ದರೆ ಕೋಟಿಗಟ್ಟಲೆ ಡಾಲರಿನ ಚಿತ್ರ ಧಾರಾವಾಹಿಯಂತೆ ಕಾಣುತ್ತದೆ. 'ಫಿಲ್ಮ್‌ಮೇಕರ್ ಮೋಡ್' ಇದ್ದರೆ ಒಂದೇ ಗುಂಡಿಗೆ ಎಲ್ಲ ಸರಿಹೋಗುತ್ತದೆ. ಮಾತು ಕೇಳದೆ ಸ್ಫೋಟ ಮಾತ್ರ ಕಿವಿಗೆ ಹೊಡೆಯುತ್ತಿದ್ದರೆ, ಆಪ್‌ನಲ್ಲಿ ಸುತ್ತಲೂ ಇಡುವ ಆರು ಸ್ಪೀಕರುಗಳಿಗಾಗಿ ಮಾಡಿದ 5.1 ಧ್ವನಿ ಆಯ್ಕೆಯಾಗಿದ್ದು ನಿಮ್ಮಲ್ಲಿ ಟಿವಿ ಸ್ಪೀಕರ್ ಮಾತ್ರ ಇರಬಹುದು. ಸ್ಟೀರಿಯೊಗೆ ಬದಲಿಸಿ.

ಹೆಸರುಗಳ ಪಟ್ಟಿ ಓಡಲು ಶುರುವಾದಾಗ ಮಿಷನ್, ಜುರಾಸಿಕ್ ಎರಡರಲ್ಲೂ ಕಾಯಬೇಕಿಲ್ಲ, ಮುಂದೇನೂ ಇಲ್ಲ. ಉಳಿದ ಮೂರರಲ್ಲಿ ಎರಡೆರಡು ತುಣುಕುಗಳಿವೆ. ಸೂಪರ್‌ಮ್ಯಾನ್‌ನವು ಬರೀ ಸಿಹಿ, ತಪ್ಪಿದರೂ ನಷ್ಟವಿಲ್ಲ. ಮಾರ್ವೆಲ್‌ನ ಎರಡನ್ನೂ ನೋಡುವುದಾದರೆ ಥಂಡರ್‌ಬೋಲ್ಟ್ಸ್ ಮೊದಲು ಹಾಕಿ, ಅದರ ಕಟ್ಟಕಡೆಯ ತುಣುಕಿನಲ್ಲಿ ಬಂದಿಳಿಯುವ ನೌಕೆ ಯಾರದ್ದೆಂಬುದು ಫೆಂಟಾಸ್ಟಿಕ್ ಫೋರ್ ನೋಡುವಾಗ ತಿಳಿಯುತ್ತದೆ.